ತುದಿಯಲ್ಲಿ ನೇತಾಡುವ ಹುಳ

ರೈತ ಬಾಂಧವರೇ, ನಮಸ್ಕಾರ.

ಹಿರಿಯೂರು ಕಡೆಯ ನಮ್ಮ ಎರೆ ಹೊಲದಲ್ಲಿ ಕಡಲೆ ಗಿಡ ಕಾಯಿ ಕಟ್ಟುವ ಹೊತ್ತಿಗೆ ಒಂದು ನೋಟ ಕಾಣುತ್ತದೆ. ಗಿಡದ ತುದಿಗೆ ಹಿಂಗಾಲು ಕಚ್ಚಿಕೊಂಡು ಹಸಿರು ಕಾಯಿಕೊರಕ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಮೈಯೆಲ್ಲ ಕಪ್ಪಾಗಿ ಜೋತುಬಿದ್ದಿರುತ್ತದೆ. ಕಡ್ಡಿ ತಾಗಿಸಿದರೆ ಸಾಕು, ಚರ್ಮ ಒಡೆದು ಕಂದು ನೀರು ಸುರಿಯುತ್ತದೆ. ಔಷಧಿ ಹೊಡೆಯದ ಹೊಲದಲ್ಲೂ ಇದನ್ನು ನೋಡಿದ್ದೇನೆ. ಅದು ಕಾಯಿಲೆ ಬಂದು ಸತ್ತ ಹುಳ.

ಹೌದು, ಹುಳಕ್ಕೂ ವೈರಸ್ ತಗಲುತ್ತದೆ. ಇದರ ಹೆಸರು ಎನ್‌ಪಿವಿ, ಅಂದರೆ ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್. ಎಲೆಯ ಮೇಲೆ ಬಿದ್ದ ವೈರಸ್ಸಿಗೆ ಪ್ರೋಟೀನಿನ ಗಟ್ಟಿ ಕವಚ ಇರುತ್ತದೆ. ನಮ್ಮ ಹೊಟ್ಟೆಯಲ್ಲಿರೋದು ಆಮ್ಲ, ಹುಳದ ಕರುಳಲ್ಲಿರೋದು ಕ್ಷಾರ. ಎಲೆ ತಿಂದ ಹುಳದ ಕರುಳಲ್ಲಿ ಆ ಕವಚ ಕರಗಿ ವೈರಸ್ ಹೊರಬರುತ್ತದೆ. ಕರುಳಿನಿಂದ ಮೈಯೆಲ್ಲ ಹರಡುತ್ತದೆ. ಮೊದಲೆರಡು ದಿನ ಏನೂ ಗೊತ್ತಾಗಲ್ಲ. ಆಮೇಲೆ ಮೇವು ಕಡಿಮೆ, ಓಡಾಟ ನಿಧಾನ, ಮೈ ಬಿಳಿಚಿ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಸಾಯುವ ಮುಂಚೆ ತುದಿ ಹತ್ತುತ್ತದೆ. ಮೇಲೆ ಒಡೆದರೆ ಕೆಳಗಿನ ಎಲೆಗೆಲ್ಲ ವೈರಸ್ ಸುರಿಯುತ್ತದೆ, ಅಲ್ವಾ? ಬೇರೊಂದು ಪತಂಗದ ಹುಳದಲ್ಲಿ ಹೀಗೆ ಹತ್ತಿಸುವುದು ವೈರಸ್ಸಿನದೇ ಒಂದು ಜೀನ್ ಅಂತ 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಹುಳ ಪೊರೆ ಕಳಚಲು ಬೇಕಾದ ಹಾರ್ಮೋನನ್ನು ಆ ಜೀನ್ ಕೆಡಿಸುತ್ತದಂತೆ. ಕಣ್ಣಿಗೆ ಕಾಣದ ಕಣ ಹುಳವನ್ನು ಹೀಗೆ ನಡೆಸುತ್ತದಲ್ಲ ಅಂತ ಕೇಳಿ ನಾನು ಬೆರಗಾದೆ.

ಸೋಂಕು ತಗಲಿದ ಎಲ್ಲ ಹುಳವೂ ಸಾಯಲ್ಲ. ಬದುಕುಳಿದವು ಸಣಕಲಾಗಬಹುದು, ಪತಂಗವಾದ ಮೇಲೆ ಮೊಟ್ಟೆ ಕಡಿಮೆ ಇಡಬಹುದು.

ಇನ್ನು ಬಳಕೆ. ಇದೇ ವೈರಸ್ಸನ್ನು ಡಬ್ಬಿಯಲ್ಲಿ ಮಾರುತ್ತಾರೆ, ನೀರಿಗೆ ಬೆರೆಸಿ ಗಿಡಕ್ಕೆ ಹೊಡೆಯೋದು. ಎಕರೆಗೆ 100 ಎಲ್‌ಇ (ಒಂದು ಎಲ್‌ಇ ಅಂದರೆ ಈ ರೋಗದಿಂದ ಸತ್ತ ಒಂದು ಹುಳದಲ್ಲಿ ಸಿಗುವಷ್ಟು ವೈರಸ್), ಹತ್ತು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಜೊತೆಗೆ ಬಟ್ಟೆಗೆ ಹಾಕುವ ನೀಲಿ ಚೂರು. ಹುಳ ಸಣ್ಣದಿರುವಾಗಲೇ, ಸಂಜೆ ಬಿಸಿಲು ಇಳಿದ ಮೇಲೆ ಹೊಡೆಯಬೇಕು. ಮೊದಲ ವರ್ಷ ನಾನು ಬೆಳಿಗ್ಗೆ ಹನ್ನೊಂದಕ್ಕೆ ಹೊಡೆದಿದ್ದೆ. ಬಿಸಿಲಿಗೆ ವೈರಸ್ ಸತ್ತು ದುಡ್ಡೆಲ್ಲ ಸುಮ್ನೆ ಹೋಯಿತು. ಹುಳ ಕಾಯಿ ಕೊರೆಯುತ್ತಲೇ ಇತ್ತು.

ಒಂದು ಮಾತು ದಾವಣಗೆರೆ ಕಡೆಯವರಿಗೆ. 2018ರಿಂದ ನಿಮ್ಮ ಮೆಕ್ಕೆಜೋಳದ ಸುಳಿ ತಿನ್ನುತ್ತಿರುವ ಲದ್ದಿ ಹುಳಕ್ಕೆ ಈ ಕಡಲೆ ಹುಳದ ವೈರಸ್ ಹಿಡಿಯಲ್ಲ. ಅದರ ವೈರಸ್ಸೇ ಬೇರೆ. ಡಬ್ಬಿಯ ಮೇಲೆ ಯಾವ ಹುಳದ್ದು ಅಂತ ಓದಿಯೇ ಕೊಳ್ಳಿ. ಜೇನ್ನೊಣಕ್ಕೆ, ದನಕ್ಕೆ, ನಮಗೆ ಇದರಿಂದ ತೊಂದರೆ ಇಲ್ಲ.

ನಾಳೆ ಹೊಲದಲ್ಲಿ ತುದಿಗೆ ನೇತಾಡುವ ಹುಳ ಕಂಡರೆ ಕಿತ್ತು ಬಿಸಾಡಬೇಡಿ. ಅಲ್ಲೇ ಒಡೆಯಲಿ, ಬಿಡಿ. ನಮಸ್ಕಾರ.