ಸರ್ಕಾರಿ ಶಾಲೆಯೊಂದರ ದೂರದ ಫಲ: ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯನ್ನು ಕುರಿತು

ವೇದಿಕೆಯ ಮೇಲಿರುವ ಹಿರಿಯರೇ, ಶಿಕ್ಷಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ವಿಜ್ಞಾನದಲ್ಲಿ ವಿಶೇಷ ಒಲವೂ ಶಕ್ತಿಯೂ ಇರುವ ಮಕ್ಕಳನ್ನು ಆರಿಸಿ, ಅವರಿಗೆಂದೇ ಸಾರ್ವಜನಿಕ ಹಣದಲ್ಲಿ ಒಂದು ಶಾಲೆಯನ್ನು ನಡೆಸಿದರೆ ಸಮಾಜಕ್ಕೆ ದಕ್ಕುವುದೇನು ಎಂಬ ಪ್ರಶ್ನೆಯನ್ನು ಇಂದು ಕೈಗೆತ್ತಿಕೊಂಡಿದ್ದೇನೆ. ವಾರ್ಷಿಕ ಪರೀಕ್ಷೆಯ ಫಲಿತಾಂಶದ ಪಟ್ಟಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಆ ಮಕ್ಕಳು ಬೆಳೆದು, ತಮ್ಮ ಕೆಲಸವನ್ನು ಕಂಡುಕೊಂಡು, ಆ ಕೆಲಸದ ಬೆಲೆ ಲೋಕಕ್ಕೆ ತಿಳಿಯುವವರೆಗೆ ಕಾಯಬೇಕಾಗುತ್ತದೆ. ಹಾಗೆ ಕಾಯಲು ಸಾಧ್ಯವಾಗುವಷ್ಟು ಹಳೆಯ ಶಾಲೆಗಳು ಜಗತ್ತಿನಲ್ಲಿ ಬಹಳವಿಲ್ಲ. ಇರುವವುಗಳಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆ ಮುಖ್ಯವಾದದ್ದು.

ಈ ಶಾಲೆ ಶುರುವಾದದ್ದು 1938ರಲ್ಲಿ. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ನಗರದ ಶಿಕ್ಷಣ ಮಂಡಳಿ ಹೊಸ ಕಟ್ಟಡವನ್ನೇನೂ ಕಟ್ಟಿಸಲಿಲ್ಲ; ಬೇರೆ ಶಾಲೆಗಳು ಬಳಸಿ ಬಿಟ್ಟಿದ್ದ ಹಳೆಯ ಕಟ್ಟಡವೊಂದನ್ನು ಕೊಟ್ಟಿತು. ಶಾಲೆಗೆ ಸ್ವಂತ ಹೊಸ ಕಟ್ಟಡ ಬಂದದ್ದು 1959ರಲ್ಲಿ. ಮೊದಲ ಪ್ರಾಂಶುಪಾಲರಾಗಿದ್ದ ಮಾರಿಸ್ ಮೈಸ್ಟರ್ ಸುಮಾರು ಎರಡು ದಶಕಗಳ ಕಾಲ ಶಾಲೆಯನ್ನು ನಡೆಸಿದರು. ಶುಲ್ಕವಿರಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಹುಡುಗರು ನಗರದ ಮೂಲೆಮೂಲೆಗಳಿಂದ ಸುರಂಗ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ಹುಡುಗರು ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಮೊದಲ ಎಂಟು ವರ್ಷ ಅಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ.

ಫಲದ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಈ ಶಾಲೆಯಲ್ಲಿ ಓದಿದ ಒಂಬತ್ತು ಜನರಿಗೆ ಇದುವರೆಗೆ ನೊಬೆಲ್ ಪ್ರಶಸ್ತಿ ಬಂದಿದೆ. ಭೌತವಿಜ್ಞಾನದಲ್ಲಿ ಏಳು ಮಂದಿ: 1972ರಲ್ಲಿ ಲಿಯಾನ್ ಕೂಪರ್, 1979ರಲ್ಲಿ ಶೆಲ್ಡನ್ ಗ್ಲಾಷೋ ಮತ್ತು ಸ್ಟೀವನ್ ವೈನ್‌ಬರ್ಗ್, 1988ರಲ್ಲಿ ಮೆಲ್ವಿನ್ ಶ್ವಾರ್ಟ್ಜ್, 1993ರಲ್ಲಿ ರಸೆಲ್ ಹಲ್ಸ್, 2004ರಲ್ಲಿ ಡೇವಿಡ್ ಪೊಲಿಟ್ಜರ್, 2005ರಲ್ಲಿ ರಾಯ್ ಗ್ಲೌಬರ್. ರಸಾಯನವಿಜ್ಞಾನದಲ್ಲಿ 2012ರಲ್ಲಿ ರಾಬರ್ಟ್ ಲೆಫ್ಕೋವಿಟ್ಜ್, ಅರ್ಥಶಾಸ್ತ್ರದಲ್ಲಿ 2023ರಲ್ಲಿ ಕ್ಲೌಡಿಯಾ ಗೋಲ್ಡಿನ್. ಗಣಕವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ಮಾರ್ವಿನ್ ಮಿನ್‌ಸ್ಕಿ, ಲೆಸ್ಲಿ ಲ್ಯಾಂಪೋರ್ಟ್, ಮಾರ್ಟಿನ್ ಹೆಲ್‌ಮನ್ ಕೂಡ ಈ ಶಾಲೆಯವರೇ. ಎಷ್ಟೋ ದೇಶಗಳಿಗೆ ಇಲ್ಲದ ಪಟ್ಟಿ ಇದು.

ಈ ಪಟ್ಟಿಯಲ್ಲಿ ಹೆಸರುಗಳಿಗಿಂತ ಹೆಚ್ಚಾಗಿ ನಾನು ಗಮನಿಸುವುದು ವರ್ಷಗಳನ್ನು. ಗ್ಲೌಬರ್ 1941ರಲ್ಲಿ ಶಾಲೆ ಮುಗಿಸಿದರು, ಹದಿನೆಂಟರ ಹರೆಯದಲ್ಲಿ ಅಮೆರಿಕದ ಅಣುಬಾಂಬ್ ಪ್ರಯೋಗಾಲಯವಿದ್ದ ಲಾಸ್ ಅಲಾಮೋಸ್‌ಗೆ ಹೋದರು, ಬೆಳಕಿನ ಕ್ವಾಂಟಮ್ ಸ್ವಭಾವದ ಬಗ್ಗೆ 1963ರಲ್ಲಿ ಬರೆದರು. ಪ್ರಶಸ್ತಿ ಬಂದದ್ದು ಶಾಲೆ ಬಿಟ್ಟ 64 ವರ್ಷಗಳ ಮೇಲೆ. ಲೆಫ್ಕೋವಿಟ್ಜ್ ಅವರ ವಿಷಯದಲ್ಲಿ ಈ ಅಂತರ 53 ವರ್ಷ, ಗೋಲ್ಡಿನ್ ಅವರ ವಿಷಯದಲ್ಲಿ 60. ಶಾಲೆಯನ್ನು ಮಂಜೂರು ಮಾಡಿದ ಮೇಯರ್, ಶಿಕ್ಷಣ ಮಂಡಳಿಯ ಸದಸ್ಯರು, ಮೊದಲ ಶಿಕ್ಷಕರು, ಇವರಲ್ಲಿ ಹೆಚ್ಚಿನವರು ತಾವು ಮಾಡಿದ್ದರ ಪೂರ್ಣ ಫಲವನ್ನು ಕಾಣದೆಯೇ ಹೋದರು. ಐದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕಾದ ಸರ್ಕಾರಗಳು ಇಂಥ ಶಾಲೆಯನ್ನು ಕಟ್ಟಲು ಹಿಂಜರಿಯುವುದಕ್ಕೂ, ಕಟ್ಟಿದ ಮೇಲೆ ಬೇಗ ಬೇಸರಗೊಳ್ಳುವುದಕ್ಕೂ ಈ ದೀರ್ಘ ಅಂತರವೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಹಾಗಾದರೆ ಆ ಶಾಲೆಯೊಳಗೆ ಏನು ನಡೆಯುತ್ತಿತ್ತು? ಇದಕ್ಕೆ ಅಲ್ಲಿ ಓದಿದವರೇ ಬರೆದಿಟ್ಟಿರುವ ಮಾತುಗಳಿವೆ. ಗ್ಲಾಷೋ ಅವರ ತಂದೆತಾಯಿ ರಷ್ಯಾದಿಂದ ವಲಸೆ ಬಂದವರು. ತಂದೆ ಕೊಳಾಯಿ ಕೆಲಸದ ಉದ್ಯಮ ನಡೆಸುತ್ತಿದ್ದರು. ಆ ಕಾಲದಲ್ಲಿ ಶಾಲೆಯ ಗಣಿತ ಪಾಠ ಘನ ರೇಖಾಗಣಿತಕ್ಕೆ ಮುಗಿದುಹೋಗುತ್ತಿತ್ತು. ಕಲನಶಾಸ್ತ್ರವನ್ನು ಯಾರೂ ಕಲಿಸುತ್ತಿರಲಿಲ್ಲ. ಗ್ಲಾಷೋ ಅದನ್ನು ಕಲಿತದ್ದು ಮಧ್ಯಾಹ್ನದ ಊಟದ ಕೋಣೆಯಲ್ಲಿ, ಡೇನಿಯಲ್ ಗ್ರೀನ್‌ಬರ್ಗರ್ ಎಂಬ ಸಹಪಾಠಿಯಿಂದ. ವೈನ್‌ಬರ್ಗ್ ಮತ್ತು ಜೆರಾಲ್ಡ್ ಫೈನ್‌ಬರ್ಗ್ ಕೂಡ ಅದೇ ತರಗತಿಯವರು. ರೈಲಿನಲ್ಲಿ ಹೋಗುತ್ತಾ ಬರುತ್ತಾ ಭೌತವಿಜ್ಞಾನವನ್ನು ಕಲಿಯಲು ಒಬ್ಬರನ್ನೊಬ್ಬರು ಹುರಿದುಂಬಿಸುತ್ತಿದ್ದೆವು ಎಂದು ಗ್ಲಾಷೋ ನೆನೆದಿದ್ದಾರೆ.

ಈ ನಾಲ್ವರು ಮುಂದೆ ಏನಾದರು ನೋಡಿ. ವಿದ್ಯುತ್ಕಾಂತ ಬಲವನ್ನೂ ದುರ್ಬಲ ಬೈಜಿಕ ಬಲವನ್ನೂ ಒಂದೇ ಸಿದ್ಧಾಂತದಲ್ಲಿ ಹಿಡಿದದ್ದಕ್ಕಾಗಿ ಗ್ಲಾಷೋ ಮತ್ತು ವೈನ್‌ಬರ್ಗ್ ಅವರು ಪಾಕಿಸ್ತಾನದ ಅಬ್ದುಸ್ ಸಲಾಂ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ಫೈನ್‌ಬರ್ಗ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, ಬೆಳಕಿಗಿಂತ ವೇಗವಾಗಿ ಚಲಿಸಬಹುದಾದ ಊಹೆಯ ಕಣಗಳಿಗೆ ಟ್ಯಾಕಿಯಾನ್ ಎಂಬ ಹೆಸರನ್ನು ಕೊಟ್ಟರು. ಊಟದ ಕೋಣೆಯ ಮೇಷ್ಟರು ಗ್ರೀನ್‌ಬರ್ಗರ್ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮೂರು ಕಣಗಳು ಒಂದರೊಡನೊಂದು ಹೆಣೆದುಕೊಂಡಿರುವ ಒಂದು ಕ್ವಾಂಟಮ್ ಸ್ಥಿತಿಗೆ ಇಂದು ಅವರ ಮತ್ತು ಅವರ ಇಬ್ಬರು ಸಹೋದ್ಯೋಗಿಗಳ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಜಿಎಚ್‌ಜಡ್ ಎಂದು ಕರೆಯುತ್ತಾರೆ. 1950ರಲ್ಲಿ ಒಂದೇ ಸರ್ಕಾರಿ ಶಾಲೆಯಿಂದ ಒಟ್ಟಿಗೆ ಹೊರಬಿದ್ದ ಹುಡುಗರು ಇವರೆಲ್ಲ.

ಮೆಲ್ವಿನ್ ಶ್ವಾರ್ಟ್ಜ್ ಹನ್ನೆರಡನೆಯ ವಯಸ್ಸಿನಲ್ಲಿ ಈ ಶಾಲೆಗೆ ಸೇರಿದವರು. ತಮ್ಮ ಜೀವನದಲ್ಲಿ ಅತ್ಯಂತ ಉತ್ಸಾಹದಿಂದ ಕಳೆದ ವರ್ಷಗಳಲ್ಲಿ ಅಲ್ಲಿಯ ನಾಲ್ಕು ವರ್ಷಗಳೂ ಸೇರಿವೆ ಎಂದು ಅವರು ಬರೆದಿದ್ದಾರೆ. ಅದಕ್ಕೆ ಅವರು ಮುಖ್ಯವಾಗಿ ಕೊಡುವ ಕಾರಣ ತಮ್ಮಂಥದೇ ಹಿನ್ನೆಲೆ, ಆಸಕ್ತಿ, ಸಾಮರ್ಥ್ಯಗಳಿದ್ದ ಉಳಿದ ಮಕ್ಕಳ ಒಡನಾಟ. ನನ್ನ ತಿಳಿವಳಿಕೆಯಲ್ಲಿ ಇಂಥ ಶಾಲೆಯ ನಿಜವಾದ ಕೊಡುಗೆ ಇರುವುದು ಇಲ್ಲಿ. ತನ್ನ ಬೀದಿಯಲ್ಲಿ, ತನ್ನ ಹಳೆಯ ತರಗತಿಯಲ್ಲಿ, ನಕ್ಷತ್ರಗಳ ಬಗ್ಗೆಯೋ ಸಮೀಕರಣಗಳ ಬಗ್ಗೆಯೋ ಮಾತನಾಡಲು ಒಬ್ಬರೂ ಸಿಗದೆ ಒಂಟಿಯಾಗಿದ್ದ ಮಗುವಿಗೆ, ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲೇ ಜೊತೆಗಾರರು ಸಿಕ್ಕಿದರು. ಅಂಥ ವಿಷಯವನ್ನು ಇಷ್ಟಪಡುವುದು ಅಲ್ಲಿ ವಿಚಿತ್ರವೆನಿಸಿಕೊಳ್ಳಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಠಿಣವಾದ ಆಕ್ಷೇಪಕ್ಕೂ ಉತ್ತರಿಸಲೇಬೇಕು. ಜಾಣ ಮಕ್ಕಳನ್ನು ಆರಿಸಿಕೊಂಡ ಶಾಲೆಯಿಂದ ಜಾಣರು ಹೊರಬಂದರೆ ಅದರಲ್ಲಿ ಶಾಲೆಯ ಪಾಲೆಷ್ಟು? ಆ ಹುಡುಗರು ಬೇರೆಲ್ಲಿ ಓದಿದ್ದರೂ ಅಷ್ಟೇ ಎತ್ತರಕ್ಕೆ ಹೋಗುತ್ತಿದ್ದರಲ್ಲವೇ? ಈ ಆಕ್ಷೇಪಕ್ಕೆ ಬ್ರಾಂಕ್ಸ್‌ನಲ್ಲೇ ಒಂದು ಬಲವಾದ ಸಾಕ್ಷಿಯಿದೆ. ಶ್ವಾರ್ಟ್ಜ್ ಅವರೊಂದಿಗೆ 1988ರ ಪ್ರಶಸ್ತಿಯನ್ನು ಹಂಚಿಕೊಂಡ ಲಿಯಾನ್ ಲೆಡರ್‌ಮನ್ ಅದೇ ಬ್ರಾಂಕ್ಸ್‌ನ ಜೇಮ್ಸ್ ಮನ್ರೋ ಪ್ರೌಢಶಾಲೆ ಎಂಬ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಓದಿ, ಸಿಟಿ ಕಾಲೇಜಿಗೆ ಹೋದವರು. ಅಂದರೆ ಆ ಕಾಲದ ನ್ಯೂಯಾರ್ಕ್ ನಗರವೇ ಒಂದು ದೊಡ್ಡ ಶಾಲೆಯಾಗಿತ್ತು. ಓದಿನ ಹಂಬಲ ಹೊತ್ತ ವಲಸಿಗ ಕುಟುಂಬಗಳು, ಉಚಿತ ಸಾರ್ವಜನಿಕ ಗ್ರಂಥಾಲಯ, ವಸ್ತುಸಂಗ್ರಹಾಲಯ, ಶುಲ್ಕವಿಲ್ಲದ ಸಿಟಿ ಕಾಲೇಜು, ಬೇರೆ ಕೆಲಸ ಸಿಗದ ಆ ಕಷ್ಟದ ದಶಕದಲ್ಲಿ ಶಾಲಾ ಶಿಕ್ಷಕ ವೃತ್ತಿಯನ್ನು ಹಿಡಿದ ವಿದ್ವಾಂಸರು, ಇವೆಲ್ಲ ಒಂದೆಡೆ ಕೂಡಿದ್ದವು. ಇಷ್ಟೆಲ್ಲ ಇದ್ದದ್ದರ ಪುಣ್ಯವನ್ನು ಒಂದೇ ಶಾಲೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಅಂಕಿಅಂಶಗಳ ಮೂಲಕವೂ ಪರೀಕ್ಷಿಸಿದ್ದಾರೆ. ಅವರ ವಿಧಾನ ಸರಳವಾದರೂ ಚುರುಕಾದದ್ದು. ಪ್ರವೇಶ ಪರೀಕ್ಷೆಯ ಕಟ್‌ಆಫ್ ಅಂಕಕ್ಕಿಂತ ಒಂದೆರಡು ಅಂಕ ಹೆಚ್ಚು ಬಂದು ಸೀಟು ಗಿಟ್ಟಿಸಿಕೊಂಡ ಮಕ್ಕಳನ್ನೂ, ಒಂದೆರಡು ಅಂಕ ಕಡಿಮೆಯಾಗಿ ಸೀಟು ತಪ್ಪಿದ ಮಕ್ಕಳನ್ನೂ ತೆಗೆದುಕೊಂಡರೆ, ಇಬ್ಬರ ಸಾಮರ್ಥ್ಯವೂ ಹೆಚ್ಚುಕಡಿಮೆ ಒಂದೇ. ಮುಂದೆ ಅವರ ನಡುವೆ ಏನಾದರೂ ಅಂತರ ಕಂಡರೆ ಅದು ಶಾಲೆಯ ಪರಿಣಾಮ. ಜೋಶುವಾ ಆಂಗ್ರಿಸ್ಟ್ ಮತ್ತು ಅವರ ಸಹೋದ್ಯೋಗಿಗಳು ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಇಂಥ ಶಾಲೆಗಳನ್ನು ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಎರಡು ಗುಂಪುಗಳ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅದೇ ವರ್ಷ ವಿಲ್ ಡಾಬಿ ಮತ್ತು ರೋಲಂಡ್ ಫ್ರೈಯರ್ ಪ್ರಕಟಿಸಿದ ನ್ಯೂಯಾರ್ಕ್ ಅಧ್ಯಯನವೂ ಕಾಲೇಜು ಸೇರುವುದರಲ್ಲಿ, ಮುಗಿಸುವುದರಲ್ಲಿ ದೊಡ್ಡ ವ್ಯತ್ಯಾಸವನ್ನು ಕಾಣಲಿಲ್ಲ.

ಈ ಫಲಿತಾಂಶಗಳನ್ನು ನಾನು ಗೌರವದಿಂದ ಒಪ್ಪುತ್ತೇನೆ. ಸೀಟು ಸಿಗದಿದ್ದರೆ ಮಗುವಿನ ಬಾಳೇ ಮುಗಿಯಿತು ಎಂದು ಕೊರಗುವ ತಂದೆತಾಯಿಗಳು ಇವನ್ನು ತಿಳಿದುಕೊಳ್ಳಬೇಕು. ಆದರೆ ಅವುಗಳಿಗೂ ಒಂದು ಮಿತಿಯಿದೆ. ಅವು ಹೇಳುವುದು ಹೊಸ್ತಿಲ ಆಚೀಚೆ ನಿಂತ ಮಕ್ಕಳ ಬಗ್ಗೆ ಮಾತ್ರ. ಗ್ಲಾಷೋ ಅಂಥವರು ಕಟ್‌ಆಫ್ ಅಂಕದ ಅಂಚಿನಲ್ಲಿ ನಿಂತಿದ್ದವರೆಂದು ನಂಬುವುದು ಕಷ್ಟ. ಅವು ಅಳೆದದ್ದು ಮುಂದಿನ ಕೆಲವೇ ವರ್ಷಗಳನ್ನು. ನಾವು ಮಾತಾಡುತ್ತಿರುವುದು ಐವತ್ತು ಅರವತ್ತು ವರ್ಷಗಳ ಬಗ್ಗೆ. ಊಟದ ಕೋಣೆಯಲ್ಲಿ ಕಲಿತ ಕಲನಶಾಸ್ತ್ರ ಯಾವ ಪರೀಕ್ಷೆಯ ಅಂಕದಲ್ಲೂ ಕಾಣಿಸಿಕೊಳ್ಳುವಂಥದ್ದಲ್ಲ, ಏಕೆಂದರೆ ಅದು ಆಗ ಪಠ್ಯದಲ್ಲೇ ಇರಲಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿದ, ಗಣಿತದಲ್ಲಿ ಮುಂದಿರುವ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವಂತೂ, ಚಿಕ್ಕಂದಿನಲ್ಲಿ ವಿಜ್ಞಾನದ ಹೆಚ್ಚುವರಿ ಅವಕಾಶಗಳು ಹೆಚ್ಚು ದೊರೆತವರು ನಡುವಯಸ್ಸಿನಲ್ಲಿ ಹೆಚ್ಚು ಸಾಧಿಸಿರುವುದನ್ನು ಗುರುತಿಸಿದೆ. ಸಾಮಾನ್ಯ ಶಾಲೆಯಲ್ಲೇ ಓದಿ ಮೇಲೆ ಬಂದ ಲೆಡರ್‌ಮನ್, ಮುಂದೆ ಇಲಿನಾಯ್ ರಾಜ್ಯದಲ್ಲಿ ಗಣಿತ ಮತ್ತು ವಿಜ್ಞಾನಕ್ಕೆಂದೇ ಸರ್ಕಾರಿ ವಸತಿ ಶಾಲೆಯೊಂದು 1986ರಲ್ಲಿ ಆರಂಭವಾಗಲು ಮುಂಚೂಣಿಯಲ್ಲಿ ನಿಂತು ದುಡಿದರು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಈಗ ಬಾಗಿಲಿನ ವಿಷಯ. ಆರಿಸುವ ಶಾಲೆ ಬಿಡುವ ಶಾಲೆಯೂ ಹೌದು. ಬ್ರಾಂಕ್ಸ್ ವಿಜ್ಞಾನ ಶಾಲೆಯ ಬಾಗಿಲು ಹುಡುಗಿಯರಿಗೆ ತೆರೆದದ್ದು 1946ರಲ್ಲಿ. ನಗರದ ಇನ್ನೊಂದು ಹೆಸರಾಂತ ಶಾಲೆ ಸ್ಟೈವಸಂಟ್‌ನಲ್ಲಿ 1969ರವರೆಗೂ ತೆರೆಯಲಿಲ್ಲ. ಕ್ಲೌಡಿಯಾ ಗೋಲ್ಡಿನ್ 1963ರಲ್ಲಿ ಶಾಲೆ ಮುಗಿಸಿದರು, ಸೂಕ್ಷ್ಮಜೀವಿ ವಿಜ್ಞಾನ ಓದಬೇಕೆಂದು ಕಾಲೇಜಿಗೆ ಹೋಗಿ ಅರ್ಥಶಾಸ್ತ್ರಕ್ಕೆ ಬಂದರು. ದುಡಿಮೆಯ ಮಾರುಕಟ್ಟೆಯಲ್ಲಿ ಹೆಂಗಸರ ಪಾಡು ಎರಡು ಶತಮಾನಗಳಲ್ಲಿ ಹೇಗೆ ಬದಲಾಯಿತು, ಸಂಬಳದ ಅಂತರ ಏಕೆ ಉಳಿಯಿತು ಎಂಬುದನ್ನು ಹಳೆಯ ದಾಖಲೆಗಳನ್ನು ಕೆದಕಿ ತೋರಿಸಿದ್ದಕ್ಕೆ ಅವರಿಗೆ ನೊಬೆಲ್ ಬಂತು. ಆ ಶಾಲೆಯ ಒಂಬತ್ತು ಜನರಲ್ಲಿ ಅವರೊಬ್ಬರೇ ಮಹಿಳೆ. ಬಾಗಿಲು ಮುಚ್ಚಿಯೇ ಇದ್ದಿದ್ದರೆ ನಷ್ಟವಾದದ್ದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಜನಾಂಗದ ಪ್ರಶ್ನೆ ಇನ್ನೂ ನೋವಿನದು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಕಾನೂನೊಂದನ್ನು ಮಾಡಿ, ಈ ಶಾಲೆಗಳಿಗೆ ಪ್ರವೇಶ ಒಂದೇ ಒಂದು ಪರೀಕ್ಷೆಯ ಮೂಲಕ ಎಂದು ಗಟ್ಟಿ ಮಾಡಿತು. ಆ ಪರೀಕ್ಷೆ ಕಪ್ಪುವರ್ಣೀಯ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆಯೇ ಎಂದು ವಿಚಾರಿಸಲು ನಗರ ಹೊರಟಿದ್ದ ಹೊತ್ತಿನಲ್ಲೇ ಈ ಕಾನೂನು ಬಂತು. 2019ರಲ್ಲಿ ಸ್ಟೈವಸಂಟ್ ಶಾಲೆ ಸೀಟು ನೀಡಿದ 895 ಮಕ್ಕಳಲ್ಲಿ ಕಪ್ಪುವರ್ಣೀಯರು ಏಳೇ ಮಂದಿ. ಇನ್ನೊಂದು ಕಡೆ, ಏಷ್ಯಾದಿಂದ ವಲಸೆ ಬಂದ ಬಡ ಮತ್ತು ಕೆಳ ಮಧ್ಯಮ ವರ್ಗದ ಕುಟುಂಬಗಳಿಗೆ ಇದೇ ಪರೀಕ್ಷೆ, ಯಾರ ಶಿಫಾರಸೂ ಬೇಡದ ನ್ಯಾಯವಾದ ದಾರಿಯಾಗಿ ಕಾಣುತ್ತದೆ. 2018ರಲ್ಲಿ ಅಂದಿನ ಮೇಯರ್ ಪರೀಕ್ಷೆಯನ್ನೇ ತೆಗೆದುಹಾಕಲು ಹೊರಟಾಗ ಅವರಲ್ಲಿ ಅನೇಕರು ಬೀದಿಗಿಳಿದು ವಿರೋಧಿಸಿದರು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ನಗರದ ಇಡೀ ಒಂದು ಸಮುದಾಯದ ಮಕ್ಕಳು ಹೆಚ್ಚುಕಡಿಮೆ ಕಾಣೆಯಾಗಿರುವ ಆಯ್ಕೆಯನ್ನು ಪ್ರತಿಭೆಯ ಶೋಧ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಶೋಧ ಎಂದರೆ ಹುಡುಕಿಕೊಂಡು ಹೋಗಬೇಕು. ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ 1963ರಲ್ಲಿ ಭೌತ-ಗಣಿತ ವಸತಿ ಶಾಲೆ ಶುರುವಾದಾಗ, ಅಂಚೆಯ ಮೂಲಕ ಲೆಕ್ಕಗಳನ್ನು ಕಳಿಸಿ, ಗೆದ್ದವರನ್ನು ಬೇಸಿಗೆ ಶಾಲೆಗೆ ಕರೆಸಿ, ಅಲ್ಲಿ ಕೆಲವು ವಾರ ಪಾಠ ಹೇಳಿ, ಆಮೇಲೆ ಆರಿಸಿದರು.

ನಮ್ಮಲ್ಲಿಯೂ ಇಂಥ ಪ್ರಯತ್ನಗಳಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಬಂದ ಜವಾಹರ ನವೋದಯ ವಿದ್ಯಾಲಯಗಳು ಕರ್ನಾಟಕದ ಜಿಲ್ಲೆಗಳಲ್ಲೂ ಆರನೆಯ ತರಗತಿಗೆ ಪರೀಕ್ಷೆ ನಡೆಸಿ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಬಾಗಿಲಿನ ವಿಷಯದಲ್ಲಿ ನ್ಯೂಯಾರ್ಕ್‌ಗಿಂತ ನಾವು ಹೆಚ್ಚು ಯೋಚಿಸಿದ್ದೇವೆ ಎಂದು ಹೆಮ್ಮೆಯಿಂದ ಹೇಳಬಹುದು. ಒಳಗಿನ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಪಿಯುಸಿಗೆ ಬರುತ್ತಿದ್ದಂತೆ ನಮ್ಮ ಜಾಣ ಮಕ್ಕಳ ದಿನವೆಲ್ಲ ನೀಟ್, ಜೆಇಇ, ಸಿಇಟಿಗಳ ತಯಾರಿಯಲ್ಲೇ ಕಳೆಯುತ್ತದೆ. ಒಬ್ಬ ಹುಡುಗಿ ಇನ್ನೊಬ್ಬಳಿಗೆ ಪಠ್ಯದಲ್ಲಿಲ್ಲದ್ದನ್ನು ಕಲಿಸುತ್ತಾ ಕೂರಲು ಬಿಡುವೆಲ್ಲಿದೆ?

ಕೊನೆಯದಾಗಿ ಒಂದು ಬೇಡಿಕೆಯನ್ನು ಈ ಸಭೆಯ ಮುಂದಿಡುತ್ತೇನೆ. ಪ್ರತಿಭಾವಂತರಿಗೆಂದು ನಡೆಸುವ ಪ್ರತಿಯೊಂದು ಸರ್ಕಾರಿ ಶಾಲೆಯೂ ತನ್ನ ವಿದ್ಯಾರ್ಥಿಗಳು ಶಾಲೆ ಬಿಟ್ಟ ಹತ್ತು, ಇಪ್ಪತ್ತು, ಮೂವತ್ತನೆಯ ವರ್ಷಗಳಲ್ಲಿ ಏನಾಗಿದ್ದಾರೆಂದು ವಿಚಾರಿಸಿ ಬರೆದಿಡುವ ಏರ್ಪಾಡು ಬೇಕು. ಅದರ ಜೊತೆಗೆ, ಅವರು ಮತ್ತು ಅವರ ಪೋಷಕರು ಒಪ್ಪಿದರೆ, ಒಂದೆರಡು ಅಂಕದಲ್ಲಿ ಸೀಟು ತಪ್ಪಿದ ಮಕ್ಕಳ ವಿಷಯವನ್ನೂ ಅದೇ ಪುಸ್ತಕದಲ್ಲಿ ಬರೆದಿಡಬೇಕು. ಈ ಎರಡನೆಯ ಪಟ್ಟಿಯಿಲ್ಲದೆ ಮೊದಲನೆಯದರಿಂದ ಶಾಲೆಯ ಪಾಲೆಷ್ಟು ಎಂಬುದು ತಿಳಿಯುವುದಿಲ್ಲ. ಖರ್ಚು ಹೆಚ್ಚೇನೂ ಆಗದು. ಆದರೆ ಈ ಜೂನ್‌ನಲ್ಲಿ ಶುರು ಮಾಡಿದರೂ ಅದರ ಮೊದಲ ಪೂರ್ಣ ಫಲವನ್ನು ಓದುವವರು ಇಂದು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ ಆಗಿರುತ್ತಾರೆ. ನಮಸ್ಕಾರ.