ಕೋರಿಕೆಯೋ, ಒತ್ತಡವೋ? ಒಂದು ಫೋನ್ ಕರೆಯನ್ನು ವರದಿ ಮಾಡುವ ಬಗೆ

ಮಾನ್ಯರೇ,

ವಾಷಿಂಗ್ಟನ್ನಿನ ಫೋನ್ ಕರೆಯೊಂದರ ಬಗ್ಗೆ ಶಿವಮೊಗ್ಗದಲ್ಲಿ ಉಪನ್ಯಾಸವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆ ಕರೆಯ ಸುದ್ದಿ ಇಲ್ಲಿನ ಪತ್ರಿಕೆಗಳ ಒಳಪುಟಗಳಿಗೂ ಬಂದಿತ್ತು, ಮತ್ತು ಅದನ್ನು ಕನ್ನಡಕ್ಕೆ ತರಲು ಕುಳಿತ ಪ್ರತಿಯೊಬ್ಬ ಉಪಸಂಪಾದಕನೂ ಒಂದು ಕ್ರಿಯಾಪದವನ್ನು ಆರಿಸಲೇಬೇಕಾಗಿತ್ತು. ‘ಕೋರಿದರು’ ಎಂದರೆ ಒಂದು ಕಡೆಯವರಿಗೆ ಸಿಟ್ಟು, ‘ಒತ್ತಡ ಹೇರಿದರು’ ಎಂದರೆ ಇನ್ನೊಂದು ಕಡೆಯವರಿಗೆ. ಇಂಥಲ್ಲಿ ಮೆತ್ತಗಿನ ಪದವೇ ನಿಷ್ಪಕ್ಷಪಾತದ ಪದ ಎಂಬ ನಂಬಿಕೆ ನಮ್ಮ ಸುದ್ದಿಮನೆಗಳಲ್ಲಿ ಬಹುಕಾಲದಿಂದ ಇದೆ. ಆ ನಂಬಿಕೆ ತಪ್ಪೆಂದು ತೋರಿಸುವುದಷ್ಟೇ ಈ ಸಂಜೆಯ ನನ್ನ ಉದ್ದೇಶ.

2019ರ ಜುಲೈ 25ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಅವರೊಡನೆ ಸುಮಾರು ಅರ್ಧ ಗಂಟೆ ಮಾತನಾಡಿದರು. ಉಕ್ರೇನಿಗೆ ಮಂಜೂರಾಗಿದ್ದ ಸುಮಾರು 39 ಕೋಟಿ ಡಾಲರುಗಳ ಭದ್ರತಾ ನೆರವು ಆ ಹೊತ್ತಿಗೆ ಶ್ವೇತಭವನದ ಸೂಚನೆಯಂತೆ ತಡೆಯಲ್ಲಿತ್ತು. ಸೆಪ್ಟೆಂಬರ್ 25ರಂದು ಶ್ವೇತಭವನವೇ ಆ ಸಂಭಾಷಣೆಯ ಟಿಪ್ಪಣಿಯನ್ನು ಬಿಡುಗಡೆ ಮಾಡಿತು. ಇದೇ ವಿಷಯವಾಗಿ ಡಿಸೆಂಬರ್ 18ರಂದು ಪ್ರತಿನಿಧಿ ಸಭೆ ಟ್ರಂಪ್ ಅವರಿಗೆ ವಾಗ್ದಂಡನೆ ವಿಧಿಸಿತು. 2020ರ ಫೆಬ್ರುವರಿ 5ರಂದು ಸೆನೆಟ್ ಅವರನ್ನು ದೋಷಮುಕ್ತಗೊಳಿಸಿತು.

ಮೊದಲ ತೊಡಕು ಕ್ರಿಯಾಪದಕ್ಕಿಂತ ಮುಂಚೆಯೇ ಎದುರಾಗುತ್ತದೆ. ಬಹಳಷ್ಟು ವರದಿಗಳು ಆ ಟಿಪ್ಪಣಿಯನ್ನು ‘ಪೂರ್ಣ ಪಠ್ಯ’ ಎಂದು ಕರೆದವು. ಆದರೆ ಅದು ಮಾತಿನ ಅಕ್ಷರಶಃ ದಾಖಲೆಯಲ್ಲವೆಂದೂ, ಕರೆಯನ್ನು ಆಲಿಸುತ್ತಿದ್ದ ಸಿಬ್ಬಂದಿಯ ಬರಹ ಮತ್ತು ನೆನಪುಗಳ ಆಧಾರದಿಂದ ಸಿದ್ಧವಾದದ್ದೆಂದೂ ಅದರಲ್ಲೇ ನಮೂದಾಗಿದೆ. ಕರೆಯನ್ನು ಆಲಿಸಿದ್ದ ಸೇನಾಧಿಕಾರಿ ಅಲೆಕ್ಸಾಂಡರ್ ವಿಂಡ್‌ಮನ್ ಅವರು, ತಾವು ಸೂಚಿಸಿದ ತಿದ್ದುಪಡಿಗಳಲ್ಲಿ ಕೆಲವು ಅದರಲ್ಲಿ ಸೇರಲಿಲ್ಲವೆಂದು ಮುಂದೆ ಸಾಕ್ಷ್ಯ ನುಡಿದರು. ‘ಟ್ರಂಪ್ ಹೀಗೆಂದರು’ ಎನ್ನುವುದಕ್ಕೂ ‘ಟ್ರಂಪ್ ಹೀಗೆಂದರೆಂದು ಶ್ವೇತಭವನದ ಟಿಪ್ಪಣಿ ಹೇಳುತ್ತದೆ’ ಎನ್ನುವುದಕ್ಕೂ ಮೂರೇ ಪದಗಳ ಅಂತರ. ಜಾಗವಿಲ್ಲವೆಂದು ನಾವು ಮೊದಲು ಕತ್ತರಿಸುವುದು ಆ ಮೂರನ್ನೇ.

ಇನ್ನು ಮಾತಿನ ಕ್ರಮ. ಟ್ಯಾಂಕ್ ನಿರೋಧಕ ಜಾವೆಲಿನ್ ಕ್ಷಿಪಣಿಗಳನ್ನು ಮತ್ತಷ್ಟು ಕೊಳ್ಳಲು ತಾವು ಸಿದ್ಧರಿರುವುದಾಗಿ ಝೆಲೆನ್‌ಸ್ಕಿ ಹೇಳುತ್ತಾರೆ. ಆದರೆ ನೀವು ನಮಗೊಂದು ಉಪಕಾರ ಮಾಡಬೇಕು ಎಂಬರ್ಥದ ಟ್ರಂಪ್ ಅವರ ಮಾತು ಅದಕ್ಕೆ ತಗುಲಿಕೊಂಡೇ ಬರುತ್ತದೆ. ಆ ಉಪಕಾರದ ಬೆನ್ನಿಗೆ ಬರುವುದು 2016ರ ಚುನಾವಣೆಗೆ ಸಂಬಂಧಿಸಿದ ಸರ್ವರ್‌ನ ಪ್ರಸ್ತಾಪ. ಮುಂದಿನ ಚುನಾವಣೆಯಲ್ಲಿ ಟ್ರಂಪ್ ಅವರಿಗೆ ಎದುರಾಳಿಯಾಗಬಹುದಾಗಿದ್ದ ಜೋ ಬೈಡನ್ ಮತ್ತು ಅವರ ಮಗನ ವಿಷಯ ಬರುವುದು ಇನ್ನೂ ಸ್ವಲ್ಪ ಮಾತಾದ ಮೇಲೆ. ಟೀಕಾಕಾರರು ನಡುವಿನದನ್ನು ಬಿಟ್ಟು, ಕ್ಷಿಪಣಿ ಕೇಳಿದವರಿಗೆ ಬೈಡನ್ ತನಿಖೆಯ ಉತ್ತರ ಸಿಕ್ಕಿತೆಂಬಂತೆ ಬರೆದರು. ಬೆಂಬಲಿಗರು ಕ್ಷಿಪಣಿಯ ಮಾತನ್ನೇ ಬಿಟ್ಟು, ಭ್ರಷ್ಟಾಚಾರದ ಬಗ್ಗೆ ಸಾಮಾನ್ಯ ಕಾಳಜಿ ವ್ಯಕ್ತವಾಯಿತೆಂದು ಬರೆದರು. ಎರಡೂ ಕಡೆ ಆಕ್ಷೇಪಿಸಬಹುದಾದ ವಿಶೇಷಣ ಒಂದೂ ಇಲ್ಲದಿರಬಹುದು; ಪಕ್ಷಪಾತವೆಲ್ಲ ಯಾವುದನ್ನು ಬಿಟ್ಟರು ಎಂಬುದರಲ್ಲೇ ಅಡಗಿದೆ.

ಈಗ ಕ್ರಿಯಾಪದಕ್ಕೆ ಬರೋಣ. ನಮ್ಮಲ್ಲಿ ಅಡಿಕೆ ಬೆಳೆಗಾರರು ಮಂಡಿಯಿಂದ ಮುಂಗಡ ಪಡೆಯುವುದು ಹೊಸದಲ್ಲ. ಮುಂಗಡ ಕೊಟ್ಟ ಮಂಡಿಯವರು ಸುಗ್ಗಿಯಲ್ಲಿ ಫೋನ್ ಮಾಡಿ, “ಈ ಸಲ ಮಾಲು ನಮ್ಮಲ್ಲಿಗೇ ಬರಲಿ, ಹೆಗಡೆಯವರೇ” ಎನ್ನುತ್ತಾರೆ. ಮಾತು ನಯವಾಗಿದೆ, ವ್ಯಾಕರಣದ ಪ್ರಕಾರ ಅದು ಕೋರಿಕೆ. ಆದರೆ ಮುಂಗಡದ ವಿಷಯ ಬಿಟ್ಟು ‘ಕೋರಿದರು’ ಎಂದಷ್ಟೇ ಬರೆದರೆ ಓದುಗನಿಗೆ ಸಿಗುವುದು ಅರ್ಧ ಸುದ್ದಿ. ನೆರವು ತಡೆಯಲ್ಲಿದ್ದದ್ದನ್ನು ಹೇಳದೆ ‘ಟ್ರಂಪ್ ಉಪಕಾರ ಕೋರಿದರು’ ಎಂದಾಗಲೂ ಹಾಗೆಯೇ. ಆದರೆ ಬೆಳೆಗಾರನಿಗೆ ತನ್ನ ಸಾಲ ಗೊತ್ತಿರುತ್ತದೆ. ನೆರವು ನಿಂತಿರುವುದು ಆ ದಿನ ಝೆಲೆನ್‌ಸ್ಕಿಗೆ ತಿಳಿದಿತ್ತೇ ಎಂಬುದೇ ವಾದದ ಮುಖ್ಯ ಎಳೆಯಾಗಿತ್ತು. ತಮ್ಮ ಮೇಲೆ ಯಾರೂ ಒತ್ತಡ ಹೇರಲಿಲ್ಲವೆಂದು ಅವರೇ ಸೆಪ್ಟೆಂಬರಿನಲ್ಲಿ ಹೇಳಿದ್ದರು. ಆ ಹೇಳಿಕೆಯನ್ನು ದಾಖಲಿಸಬೇಕು. ನೆರವಿನ ಅಗತ್ಯ ಆಗಲೂ ಇದ್ದವರು ಟ್ರಂಪ್ ಅವರ ಪಕ್ಕದಲ್ಲೇ ಕುಳಿತು ಅದನ್ನು ಹೇಳಿದರೆಂಬುದನ್ನೂ ಜೊತೆಯಲ್ಲೇ ದಾಖಲಿಸಬೇಕು.

ಧ್ವನಿಮುದ್ರಣವಿದ್ದರೆ ಜಗಳ ಮುಗಿಯುತ್ತದೆಂದು ಭಾವಿಸುವವರು ಅಮೆರಿಕದ ಜಾರ್ಜಿಯಾ ರಾಜ್ಯದ ಪ್ರಕರಣವನ್ನು ನೋಡಬೇಕು. 2021ರ ಜನವರಿ 2ರಂದು ಟ್ರಂಪ್ ಅವರು ಆ ರಾಜ್ಯದ ಚುನಾವಣೆಯ ಹೊಣೆ ಹೊತ್ತ ಬ್ರಾಡ್ ರಾಫೆನ್‌ಸ್ಪರ್ಗರ್ ಅವರೊಡನೆ ಸುಮಾರು ಒಂದು ಗಂಟೆ ಮಾತನಾಡಿ, ತಮಗೆ 11,780 ಮತಗಳನ್ನು ಕಂಡುಹಿಡಿಯಬೇಕಿದೆ ಎಂದರು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಬೈಡನ್ ಅವರ ಗೆಲುವಿನ ಅಂತರ 11,779. ಮರುದಿನವೇ ಧ್ವನಿಮುದ್ರಿಕೆ ಬಹಿರಂಗವಾಯಿತು. ಆದರೂ ‘ಕಂಡುಹಿಡಿ’ ಎಂದರೆ ಎಣಿಕೆಯಲ್ಲಿ ತಪ್ಪಿಹೋದ ಸಕ್ರಮ ಮತಗಳನ್ನು ಹುಡುಕುವುದೋ, ಇಲ್ಲದ ಮತಗಳನ್ನು ಹುಟ್ಟಿಸುವುದೋ ಎಂಬ ವಾದ ನಿಲ್ಲಲಿಲ್ಲ. ನ್ಯಾಯಾಲಯವೂ ಆ ಪದವನ್ನು ನಮಗಾಗಿ ತೀರ್ಮಾನಿಸಿಕೊಡಲಿಲ್ಲ: 2023ರ ಆಗಸ್ಟಿನಲ್ಲಿ ದಾಖಲಾದ ದೋಷಾರೋಪ ವಿಚಾರಣೆಯ ಹಂತ ಮುಟ್ಟದೆಯೇ 2025ರ ನವೆಂಬರಿನಲ್ಲಿ ವಜಾ ಆಯಿತು. ಇಂಥ ಕಡೆ ಆ ಸಂಖ್ಯೆಯನ್ನೂ ಅಂತರವನ್ನೂ ಒಂದೇ ವಾಕ್ಯದಲ್ಲಿಟ್ಟು, ರಾಜ್ಯದಲ್ಲಿ ಅದಾಗಲೇ ಮರುಎಣಿಕೆ ಮುಗಿದಿತ್ತೆಂದು ಸೇರಿಸಿದರೆ ವರದಿಗಾರನ ಕೆಲಸ ಬಹುಪಾಲು ಆದಂತೆ.

ಅದೇ ಜಾರ್ಜಿಯಾದ ಇನ್ನೊಂದು ಕರೆ ವಿರುದ್ಧ ದಿಕ್ಕಿನ ಎಚ್ಚರಿಕೆ ಕೊಡುತ್ತದೆ. 2020ರ ಡಿಸೆಂಬರಿನಲ್ಲಿ ಟ್ರಂಪ್ ಅವರು ಅಲ್ಲಿನ ಚುನಾವಣಾ ತನಿಖಾಧಿಕಾರಿಯೊಬ್ಬರಿಗೆ ಫೋನ್ ಮಾಡಿದ್ದರು. ‘ವಂಚನೆಯನ್ನು ಪತ್ತೆಮಾಡಿ’ ಎಂದು ಅವರು ಹೇಳಿದರೆಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮೂಲವೊಂದನ್ನು ನಂಬಿ ಉದ್ಧರಣ ಚಿಹ್ನೆಯೊಳಗೆ ಪ್ರಕಟಿಸಿತು. ಧ್ವನಿಮುದ್ರಿಕೆ ಹೊರಬಂದಾಗ ಆ ಪದಗಳು ಅದರಲ್ಲಿರಲಿಲ್ಲ; ಹುಡುಕಿದರೆ ಅಪ್ರಾಮಾಣಿಕತೆ ಸಿಗುತ್ತದೆ ಎಂಬ ಧಾಟಿಯ ಮಾತಿತ್ತು. 2021ರ ಮಾರ್ಚಿನಲ್ಲಿ ಪತ್ರಿಕೆ ತಿದ್ದುಪಡಿ ಹಾಕಿತು. ಸಾರಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲವೆಂದು ಸಮರ್ಥಿಸಿಕೊಂಡವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಳಿದವರ ನೆನಪಿನ ಮಾತನ್ನು ಪರೋಕ್ಷ ವಾಕ್ಯದಲ್ಲಿ ಇಡಬೇಕೇ ಹೊರತು ಆಡಿದವರ ಬಾಯಲ್ಲಿ ಇಡಬಾರದು.

ಕನ್ನಡದಲ್ಲಿ ನಮಗೆ ‘ಎನ್ನಲಾಗಿದೆ’ ಎಂಬ ಆಸರೆಯೊಂದಿದೆ. ಯಾರು ಅಂದರು ಎಂಬುದನ್ನು ಮರೆಸಿ, ಎಚ್ಚರಿಕೆಯಿಂದ ಬರೆದಂತೆ ತೋರಿಸುವ ಗುಣ ಅದಕ್ಕಿದೆ. ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಇರುವ ಮಾತಿಗೂ ಅದನ್ನು ಅಂಟಿಸಿದರೆ ಖಚಿತವಾದದ್ದು ಗಾಳಿಮಾತಾಗುತ್ತದೆ. ಬರೀ ಗಾಳಿಮಾತಿಗೆ ಅಂಟಿಸಿದರೆ ಅದಕ್ಕೊಂದು ಮರ್ಯಾದೆ ಬರುತ್ತದೆ. ಉಕ್ರೇನಿನ ಕರೆಯನ್ನು ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಉಕ್ರೇನಿನ ನೆರವು ತಡೆಯಲ್ಲಿದ್ದಾಗ ನಡೆದ ಕರೆಯಲ್ಲಿ, ತಮ್ಮ ಸಂಭಾವ್ಯ ಎದುರಾಳಿ ಬೈಡನ್ ಅವರ ವಿಷಯವನ್ನು ಪರಿಶೀಲಿಸುವಂತೆ ಟ್ರಂಪ್ ಅವರು ಝೆಲೆನ್‌ಸ್ಕಿ ಅವರಿಗೆ ಹೇಳಿದರೆಂದು ಶ್ವೇತಭವನ ಬಿಡುಗಡೆ ಮಾಡಿದ ಟಿಪ್ಪಣಿ ತಿಳಿಸುತ್ತದೆ, ಇದು ಅಧಿಕಾರದ ದುರುಪಯೋಗವೆಂದು ಡೆಮಾಕ್ರಟಿಕ್ ಪಕ್ಷ ಆರೋಪಿಸಿದೆ, ಕರೆಯಲ್ಲಿ ತಪ್ಪೇನೂ ಇಲ್ಲವೆಂದು ಟ್ರಂಪ್ ಹೇಳಿದ್ದಾರೆ.’ ತಲೆಬರಹಕ್ಕೆ ಇದು ಉದ್ದವಾಯಿತೆಂದು ಪುಟ ಕಟ್ಟುವವರು ಗೊಣಗುವುದು ಖಂಡಿತ. ಎರಡು ಅಂಕಣದ ತಲೆಬರಹ ಮೂರು ಅಂಕಣಕ್ಕೆ ಹಿಗ್ಗಲಿ, ಪಕ್ಕದ ಜಾಹೀರಾತು ಒಂದಿಷ್ಟು ಕೆಳಗಿಳಿಯಲಿ.