ಕೊನೆಯ ರಾತ್ರಿ ಬರೆದ ಡೈರಿ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ದಿನಕ್ಕೊಂದು ಪುಟ ಕಾಪಿ ಬರೆದುಕೊಂಡು ಬನ್ನಿ ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಇಲ್ಲಿ ಎಷ್ಟು ಜನ ಅದನ್ನು ದಿನಕ್ಕೊಂದು ಪುಟದಂತೆಯೇ ಬರೆದಿದ್ದೀರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ, ಅಲ್ವಾ? ನನ್ನದೂ ಅದೇ ಕಥೆ. ಶಾಲೆ ಶುರುವಾಗುವ ಹಿಂದಿನ ರಾತ್ರಿ ಕೂತು ಅಷ್ಟೂ ಪುಟ ಮುಗಿಸಿ, ಅನುಮಾನ ಬರಬಾರದು ಅಂತ ನಡುನಡುವೆ ಪೆನ್ನು ಬದಲಾಯಿಸಿ, ತಾರೀಖು ಮಾತ್ರ ಬಹಳ ಜೋಪಾನವಾಗಿ ಹಾಕುತ್ತಿದ್ದೆ.

ಡಿಸೈನ್ ಕೆಲಸದಲ್ಲಿ ಡೈರಿ ಸ್ಟಡಿ ಅಂತ ಒಂದು ವಿಧಾನ ಇದೆ. ಒಂದು ಆ್ಯಪನ್ನೋ ಯಂತ್ರವನ್ನೋ ಬಳಸುವವರಿಗೆ, ಒಂದೆರಡು ವಾರ ಆಗಿದ್ದನ್ನು ಆಗಲೇ ಬರೆದಿಡಿ ಅಂತ ಕೇಳಿಕೊಳ್ಳುವುದು. ನಾವು ಪಕ್ಕದಲ್ಲಿ ಕೂರಲಾಗದ ಕಡೆಯೆಲ್ಲ ಡೈರಿ ಹೋಗುತ್ತದೆ ಅನ್ನುವುದು ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ ಕಾಪಿ ಪುಸ್ತಕದ ರೋಗ ಇದಕ್ಕೂ ಇದೆ.

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆರ್ಥರ್ ಸ್ಟೋನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ದೀರ್ಘಕಾಲದ ನೋವಿರುವವರಿಗೆ ಕಾಗದದ ಡೈರಿ ಕೊಟ್ಟಿದ್ದರು. ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ, ನೋವು ಎಷ್ಟಿದೆ ಅಂತ ಬರೆಯಬೇಕು. ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಡೈರಿಯ ಫೈಲಿನೊಳಗೆ ಬೆಳಕು ಬಿದ್ದರೆ ಗುರುತಿಟ್ಟುಕೊಳ್ಳುವ ಸೆನ್ಸರ್ ಇತ್ತು. ಡೈರಿಯ ಪ್ರಕಾರ ಶೇ 90ರಷ್ಟು ಸಲ ಸರಿಯಾದ ಹೊತ್ತಿಗೇ ಬರೆದಿದ್ದಾರೆ. ಸೆನ್ಸರ್ ಪ್ರಕಾರ ಶೇ 11. ಸುಮಾರು ಮೂರನೇ ಒಂದು ಭಾಗ ದಿನಗಳಲ್ಲಿ ಫೈಲು ತೆರೆದೇ ಇರಲಿಲ್ಲ! ಹೊತ್ತಾದಾಗ ಶಬ್ದ ಮಾಡಿ ನೆನಪಿಸುವ ಪುಟ್ಟ ಕಂಪ್ಯೂಟರ್ ಕೊಟ್ಟ ಇನ್ನೊಂದು ಗುಂಪಿನವರು ಶೇ 94ರಷ್ಟು ಸಲ ಸಮಯಕ್ಕೇ ಬರೆದಿದ್ದರು.

ಜನ ಸುಳ್ಳರು ಅಂತ ನನಗನ್ನಿಸುವುದಿಲ್ಲ. ಕೆಲಸ ವಹಿಸಿದವರಿಗೆ ಖಾಲಿ ಪುಸ್ತಕ ಹೇಗೆ ಕೊಡುವುದು ಅನ್ನುವ ಸಂಕೋಚ ಅದು. ತಪ್ಪು ಡೈರಿ ಮಾಡಿದವರದು.

ನಾನೂ ಮಾಡಿದ್ದೇನೆ. ಯುಪಿಐ ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬ ಇದೆಯಲ್ಲ, ಅದನ್ನಿಟ್ಟುಕೊಂಡ ಸಣ್ಣ ಅಂಗಡಿಯವರಿಗೆ ಚೆಂದದ ಪುಸ್ತಕ ಪ್ರಿಂಟ್ ಮಾಡಿಸಿ ಕೊಟ್ಟೆ. ಪುಟಕ್ಕೆ ಎಂಟು ಕಾಲಂ, ನಗುವ ಮುಖದ ಸ್ಟಿಕ್ಕರ್ ಬೇರೆ. ಎರಡು ವಾರದ ನಂತರ ವಾಪಸ್ ಬಂದ ಪುಸ್ತಕಗಳಲ್ಲಿ ಎಲ್ಲ ದಿನವೂ ಒಂದೇ ಶಾಯಿ, ಒಂದೇ ಉತ್ತರ. ಒಬ್ಬರು ಹಿಂದಿನ ಪುಟದಲ್ಲಿ ಹಾಲಿನ ಲೆಕ್ಕ ಬರೆದಿದ್ದರು. ನಂಬಬಹುದಾದ ಬರಹ ಅದೊಂದೇ.

ಎರಡನೇ ಸಲ ಪುಸ್ತಕ ಬಿಟ್ಟೆ. ಡಬ್ಬ ಮಾತಾಡದೆ ಇದ್ದಾಗ ವಾಟ್ಸಾಪಿನಲ್ಲಿ ಹತ್ತು ಸೆಕೆಂಡ್ ಮಾತಾಡಿ ಕಳಿಸಿ ಅಂದೆ, ಅಷ್ಟೇ. ಸಂದರ್ಶನದಲ್ಲಿ "ಏನೂ ತೊಂದರೆ ಇಲ್ಲ ಸರ್" ಅಂದಿದ್ದ ಅಕ್ಕ ಒಬ್ಬರು ಒಂದು ಸಂಜೆ ಕಳಿಸಿದ್ದು ಇದು: "ಸರ್, ಇವ್ರು ನಲವತ್ತು ಹಾಕಿದೀನಿ ಅಂತಾರೆ, ಡಬ್ಬ ಸುಮ್ನಿದೆ. ನಾಲ್ಕು ಜನ ನಿಂತಿದಾರೆ, ಹೋಗ್ಲಿ ಅಂತ ಕಳಿಸ್ದೆ." ಹಿಂದೆ ಯಾರೋ ಅರ್ಧ ಕೆಜಿ ಸಕ್ಕರೆ ಕೇಳುತ್ತಿದ್ದಾರೆ. ವಾರ ಕಳೆದು ಅಂಗಡಿಗೆ ಹೋಗಿ ಅದನ್ನೇ ಅವರಿಗೆ ಕೇಳಿಸಿ, ಆ ನಲವತ್ತು ಏನಾಯಿತು ಅಂದೆ. ಗಲ್ಲಾಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ಪೆನ್ಸಿಲಿನಲ್ಲಿ "ನೀಲಿ ಶರ್ಟು 40", "ಸ್ಕೂಟರ್ ಹುಡುಗಿ 25", ಹೀಗೆ ಉದ್ದಕ್ಕೆ. ನಾನು ಪುಸ್ತಕ ಪ್ರಿಂಟ್ ಮಾಡಿಸುವ ಮೊದಲೇ ಅಲ್ಲೊಂದು ಡೈರಿ ಇತ್ತು.

ಹಾಗಾಗಿ ಡೈರಿ ಸಂಶೋಧನೆಯ ಅರ್ಧ ಕೆಲಸ ಡೈರಿ ಕೈಗೆ ಬಂದ ಮೇಲೆ. ಅದನ್ನು ಮುಂದಿಟ್ಟುಕೊಂಡು ಮಾತಾಡದಿದ್ದರೆ ಆ ಮುಚ್ಚಳ ತೆರೆಯುವುದೇ ಇಲ್ಲ.

ಇನ್ನೊಂದೆರಡು ಮಾತು. ಎಂಟ್ರಿಗೆ ಇಷ್ಟು ಅಂತ ದುಡ್ಡು ಕೊಡಬೇಡಿ, ಎಂಟ್ರಿಗಳು ಹುಟ್ಟಿಕೊಳ್ಳುತ್ತವೆ. ಏನೂ ಆಗದ ದಿನಕ್ಕೆ ರಾತ್ರಿ ಒಂದು ಹೆಬ್ಬೆರಳು ಕಳಿಸಿದರೆ ಸಾಕು ಅನ್ನಿ, ಇಲ್ಲದಿದ್ದರೆ ಡಬ್ಬ ಸರಿಯಾಗಿತ್ತೋ ಅವರಿಗೆ ಪುರುಸೊತ್ತಿರಲಿಲ್ಲವೋ ನಿಮಗೆ ತಿಳಿಯುವುದಿಲ್ಲ. ಸಕ್ಕರೆ ಕೇಳಿದವರ ದನಿಯೂ ರೆಕಾರ್ಡ್ ಆಗಿರುತ್ತದೆ, ಅವರೇನೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಬರೆದುಕೊಂಡ ಮೇಲೆ ಆ ಕ್ಲಿಪ್ ಅಳಿಸಿಬಿಡಿ.

ಪ್ರಶ್ನೆ ಇದ್ದರೆ ಕೇಳಿ, ಹಿಂದೆ ಕೂತವರಿಂದಲೇ ಶುರುವಾಗಲಿ.